ಎಲ್ಲರಿಗೂ ಒಂದೊಂದು ಹೆಚ್ಚಿನ ಎಲೆ



ಮೊದಲಿಗೇ ಒಂದು ತಪ್ಪೊಪ್ಪಿಗೆ. ಮೂವತ್ತಾರು ವರ್ಷಗಳ ನನ್ನ ಅಧ್ಯಾಪಕ ವೃತ್ತಿಯಲ್ಲಿ ನಿಮ್ಮ ಚೀಲಗಳಿಂದ ನಾನು ಕಿತ್ತುಕೊಂಡ ಇಸ್ಪೀಟು ಕಟ್ಟುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಕೆಲವು ನಿವೃತ್ತಿಯ ದಿನದವರೆಗೂ ಸಿಬ್ಬಂದಿ ಕೊಠಡಿಯ ನನ್ನ ಮೇಜಿನ ಖಾನೆಯಲ್ಲೇ ಇದ್ದವು. ಎಲೆ ಹಿಡಿದ ಕೈ ಲೇಖನಿ ಹಿಡಿಯದೆಂದು ನಾನು ಗದರಿದ್ದನ್ನು ನೀವು ಮರೆತಿರಲಾರಿರಿ. ಅಂಥ ನಾನು 2024ರ ಬೇಸಿಗೆಯಲ್ಲಿ ಸಿಯಾಟಲ್ ಸಮೀಪದ ಮಗಳ ಮನೆಯಲ್ಲಿ ಐದು ತಿಂಗಳು ಇದ್ದಾಗ, ಹದಿಮೂರು ವರ್ಷದ ಮೊಮ್ಮಗನ ಎದುರು ಕುಳಿತು ದಿನಕ್ಕೆ ಎರಡೆರಡು ಗಂಟೆ ಎಲೆ ಆಡಿದೆ. ನನ್ನಿಂದ ಕಟ್ಟು ಕಳೆದುಕೊಂಡವರು ಈಗ ಮನಸಾರೆ ನಗಬಹುದು.

ಆಟದ ಹೆಸರು ‘ಮ್ಯಾಜಿಕ್: ದ ಗ್ಯಾದರಿಂಗ್’. ಇದನ್ನು ರೂಪಿಸಿದವರು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು. ಕ್ರಮಯೋಜನೆ, ವಿಕಲ್ಪಗಳ ಗಣಿತದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಕಾಲೇಜಿನಲ್ಲಿ ಪಾಠ ಹೇಳಿದವರು. ವಿಜರ್ಡ್ಸ್ ಆಫ್ ದ ಕೋಸ್ಟ್ ಎಂಬ ಸಂಸ್ಥೆ 1993ರಲ್ಲಿ ಈ ಆಟವನ್ನು ಹೊರತಂದಿತು. ಗಣಿತದ ಮೇಷ್ಟ್ರು ಕಟ್ಟಿದ ಆಟವನ್ನು ಗಣಿತದ ಮೇಷ್ಟ್ರೇ ಆಡದಿದ್ದರೆ ಹೇಗೆ ಎಂದು ನನ್ನ ಆತ್ಮಸಾಕ್ಷಿಗೆ ಸಮಾಧಾನ ಹೇಳಿಕೊಂಡೆ.

ಈ ಬರಹದ ವಿಷಯ ಆ ಆಟದ ಒಂದೇ ಒಂದು ಎಲೆ. ಅದರ ಹೆಸರು ‘ಹೌಲಿಂಗ್ ಮೈನ್’. ಕನ್ನಡದಲ್ಲಿ ಊಳಿಡುವ ಗಣಿ ಎನ್ನಬಹುದು. ಈ ಎಲೆಯ ಬಗ್ಗೆ ಆಟಗಾರರಲ್ಲಿ ಎರಡು ಅಭಿಪ್ರಾಯಗಳಿವೆ. ಶತ್ರುವಿಗೂ ಸಹಾಯ ಮಾಡುವ ದಡ್ಡ ಎಲೆ ಎಂಬುದು ಒಂದು. ಎಲ್ಲರಿಗೂ ಸಮಾನವಾಗಿ ಕೊಡುವ ಧರ್ಮದ ಎಲೆ ಎಂಬುದು ಇನ್ನೊಂದು. ಎರಡೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಏಕೆ ಎಂಬುದನ್ನು ವಿವರಿಸುತ್ತೇನೆ. ವಿವರಿಸುತ್ತಾ ಹೋದಂತೆ ನನ್ನದೇ ಹಳೆಯ ಲೆಕ್ಕವೊಂದನ್ನು ತಿದ್ದಬೇಕಾಗಿ ಬಂದಿದೆ, ಅದನ್ನೂ ಕೊನೆಯಲ್ಲಿ ಹೇಳುತ್ತೇನೆ.

ಆಟ ತಿಳಿಯದವರಿಗಾಗಿ ನಾಲ್ಕು ಮಾತು. ಇಬ್ಬರು ಎದುರುಬದುರು ಕೂರುತ್ತಾರೆ. ನಮ್ಮ ಇಸ್ಪೀಟಿನಂತೆ ಇಬ್ಬರಿಗೂ ಒಂದೇ ಕಟ್ಟು ಇಲ್ಲಿಲ್ಲ. ಸಾವಿರಾರು ಬಗೆಯ ಎಲೆಗಳಿಂದ ಆಯ್ದು ಪ್ರತಿಯೊಬ್ಬನೂ ಕನಿಷ್ಠ 60 ಎಲೆಗಳ ತನ್ನದೇ ಕಟ್ಟನ್ನು ಮನೆಯಲ್ಲೇ ಜೋಡಿಸಿಕೊಂಡು ಬರುತ್ತಾನೆ. ಭೂಮಿಯ ಸಾಮಾನ್ಯ ಎಲೆಗಳನ್ನು ಬಿಟ್ಟರೆ ಒಂದು ಹೆಸರಿನ ಎಲೆ ನಾಲ್ಕಕ್ಕಿಂತ ಹೆಚ್ಚು ಇರಬಾರದು. ಪ್ರಾರಂಭದಲ್ಲಿ ಕೈಯಲ್ಲಿ 7 ಎಲೆ, ಪ್ರಾಣದ ಅಂಕ 20. ಪ್ರತಿ ಸರದಿಗೆ ಕಟ್ಟಿನಿಂದ ಒಂದು ಎಲೆ ಎತ್ತಬೇಕು. ಎತ್ತದೆ ಉಳಿದ ಎಲೆಗಳ ರಾಶಿಗೆ ಅವರು ‘ಲೈಬ್ರರಿ’ ಎನ್ನುತ್ತಾರೆ. ಮೇಷ್ಟ್ರಿಗೆ ಮೆಚ್ಚುಗೆಯಾಗುವ ಹೆಸರು. ಎದುರಾಳಿಯ ಪ್ರಾಣದ ಅಂಕವನ್ನು ಸೊನ್ನೆಗಿಳಿಸಿದವನು ಗೆದ್ದಂತೆ. ಬರಿದಾದ ಲೈಬ್ರರಿಯಿಂದ ಎಲೆ ಎತ್ತಬೇಕಾಗಿ ಬಂದವನು ಸೋತಂತೆ. ಈ ಎರಡನೆಯ ನಿಯಮವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಲೆ ಕೈಗೆ ಬಂದ ಮಾತ್ರಕ್ಕೆ ಆಡಲಾಗದು. ಪ್ರತಿಯೊಂದಕ್ಕೂ ಬೆಲೆಯುಂಟು. ಆ ಬೆಲೆಯನ್ನು ಮಾನಾ ಎಂಬ ಶಕ್ತಿಯಿಂದ ತೆರಬೇಕು, ಆ ಶಕ್ತಿ ಮುಖ್ಯವಾಗಿ ಹುಟ್ಟುವುದು ಭೂಮಿಯ ಎಲೆಗಳಿಂದ. ಭೂಮಿಯ ಎಲೆಯನ್ನು ಸರದಿಗೆ ಒಂದರಂತೆ ಮಾತ್ರ ಕೆಳಗಿಡಬಹುದು. ನೆಲವಿಲ್ಲದವನಿಗೆ ಬಿತ್ತನೆ ಬೀಜ ಎಷ್ಟಿದ್ದರೂ ಏನು ಫಲ? ಈ ಆಟದ ಅರ್ಧ ತತ್ವ ಅದೇ.

ಹೌಲಿಂಗ್ ಮೈನ್ ‘ಆರ್ಟಿಫ್ಯಾಕ್ಟ್’ ವರ್ಗದ ಎಲೆ. ಅಂದರೆ ಮಾಂತ್ರಿಕ ಉಪಕರಣ. ಆಟದಲ್ಲಿ ಐದು ಬಣ್ಣಗಳ ಮಾಂತ್ರಿಕ ವಿದ್ಯೆಗಳಿದ್ದು, ಈ ಉಪಕರಣ ಯಾವ ಬಣ್ಣಕ್ಕೂ ಸೇರಿದ್ದಲ್ಲ. ಹೀಗಾಗಿ ಯಾರು ಬೇಕಾದರೂ ಇದನ್ನು ತಮ್ಮ ಕಟ್ಟಿಗೆ ಸೇರಿಸಬಹುದು. ಬೆಲೆ ಎರಡೇ ಮಾನಾ, ಎರಡನೆಯ ಸರದಿಗೇ ಆಡಬಹುದಾದಷ್ಟು ಅಗ್ಗ. 1993ರ ಮೊಟ್ಟಮೊದಲ ಮುದ್ರಣದಲ್ಲೇ ಇತ್ತು. ಅದರ ಕೆಲಸ ಇಷ್ಟೇ: ಪ್ರತಿಯೊಬ್ಬ ಆಟಗಾರನೂ ತನ್ನ ಸರದಿಯಲ್ಲಿ ಎಲೆ ಎತ್ತುವಾಗ, ಈ ಉಪಕರಣ ನೆಟ್ಟಗೆ ನಿಂತಿದ್ದರೆ, ಒಂದು ಎಲೆ ಹೆಚ್ಚಿಗೆ ಎತ್ತುತ್ತಾನೆ. ನನಗೂ ಒಂದು, ನಿನಗೂ ಒಂದು.

ಮೊದಲ ಓದಿಗೆ ನನಗೆ ಈ ಎಲೆ ಬಹಳ ಹಿಡಿಸಿತು. ಇಷ್ಟೊಂದು ಕೊಲ್ಲುವ, ಸುಡುವ ಎಲೆಗಳ ನಡುವೆ ಉದಾರವಾದುದು ಇದೊಂದೇ ಎನಿಸಿತು. ಮೊಮ್ಮಗ ಎಚ್ಚರಿಸಿದ: “ತಾತಾ, ಅದನ್ನ ಹಾಕಬೇಡ. ನಿನಗಿಂತ ಮೊದಲು ನನಗೇ ಹೆಲ್ಪ್ ಆಗತ್ತೆ.” ನಾನು ಕೇಳಲಿಲ್ಲ. ಎರಡನೆಯ ಸರದಿಗೇ ಗಣಿಯನ್ನು ಮೇಜಿನ ಮೇಲಿಟ್ಟೆ. ಅವನದು ಬೆಂಕಿಯ ಕಟ್ಟು. ಒಂದು ಮಾನಾಕ್ಕೆ ಮೂರು ಅಂಕ ಕೀಳುವ ‘ಲೈಟ್ನಿಂಗ್ ಬೋಲ್ಟ್’ನಂಥ ಅಗ್ಗದ ಎಲೆಗಳೇ ಅದರ ತುಂಬ. ನಾನು ಕೊಟ್ಟ ಹೆಚ್ಚಿನ ಎಲೆಗಳನ್ನು ಅವನು ಬಂದ ಕೂಡಲೇ ನನ್ನ ತಲೆಯ ಮೇಲೆಯೇ ಸಿಡಿಸಿದ. ನನ್ನ ಕಟ್ಟಿನಲ್ಲಿದ್ದುದು ಐದಾರು ಮಾನಾ ಬೆಲೆಯ ಗಂಭೀರ ಎಲೆಗಳು. ಸೋತಾಗ ನನ್ನ ಕೈ ತುಂಬ ಎಲೆಗಳಿದ್ದವು, ಅವನ ಕೈ ಖಾಲಿಯಿತ್ತು. ಒಲೆಯ ಬಳಿಯಿಂದ ನಮ್ಮ ಮನೆಯವರು ಒಂದೇ ಮಾತು ಹೇಳಿದರು: “ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.”

ಸೋಲಿನ ಮರುದಿನ ಕಾಗದ, ಪೆನ್ಸಿಲು ಹಿಡಿದು ಲೆಕ್ಕಕ್ಕೆ ಕುಳಿತೆ. ಗಣಿಯನ್ನು ಕೆಳಗಿಟ್ಟಾಗ ನನ್ನ ಕೈಯಿಂದ ಒಂದು ಎಲೆ ಹೋಯಿತು. ಲೆಕ್ಕದಲ್ಲಿ ನಾನು ಒಂದು ಕಡಿಮೆ. ಆ ಸರದಿಯ ಎಲೆಯನ್ನು ನಾನು ಆಗಲೇ ಎತ್ತಿಯಾಗಿದೆ. ಗಣಿಯ ಮೊದಲ ಫಲ ಎದುರಾಳಿಗೆ: ಅವನು ಒಂದು ಹೆಚ್ಚು. ನನ್ನ ಮುಂದಿನ ಸರದಿಗೆ ನಾನೂ ಒಂದು ಹೆಚ್ಚು ಎತ್ತುತ್ತೇನೆ, ಆದರೆ ಅದು ಕಳೆದದ್ದನ್ನು ತುಂಬಿಕೊಂಡಂತೆ ಅಷ್ಟೇ: ನಾನು ಸೊನ್ನೆ, ಅವನು ಒಂದು. ಆಮೇಲೆ ಅವನು ಎರಡು, ನಾನು ಒಂದು. ಅವನು ಮೂರು, ನಾನು ಎರಡು. ಹತ್ತು ಸುತ್ತಾಗಲಿ, ಇಪ್ಪತ್ತು ಸುತ್ತಾಗಲಿ, ನನ್ನ ಸರದಿ ಮುಗಿದಾಗ ನಾನು ಅವನಿಗಿಂತ ಒಂದು ಹಿಂದೆ, ಅವನ ಸರದಿ ಮುಗಿದಾಗ ಎರಡು ಹಿಂದೆ. ಹಾಕಿದವನಿಗೆ ಈ ಸಾಲ ಎಂದೂ ತೀರುವುದಿಲ್ಲ. ಕೂಡುವ ಕಳೆಯುವ ಲೆಕ್ಕದಲ್ಲಿ ಇದು ಶುದ್ಧ ನಷ್ಟದ ಎಲೆ. ಆದ್ದರಿಂದ ‘ದಡ್ಡ ಎಲೆ’ ಎನ್ನುವವರ ಗಣಿತದಲ್ಲಿ ತಪ್ಪೇನೂ ಇಲ್ಲ.

ಹಾಗಾದರೆ ಮೂವತ್ತು ವರ್ಷಗಳಿಂದ ನುರಿತ ಆಟಗಾರರು ಇದನ್ನು ಬಿಡದೆ ಬಳಸಿದ್ದೇಕೆ? ಅವರು ಎಲೆಗಳ ಸಂಖ್ಯೆಯನ್ನು ಎಣಿಸಿ ಅಲ್ಲಿಗೇ ನಿಲ್ಲಲಿಲ್ಲ. ಆ ಎಲೆಗಳನ್ನು ಯಾರು ಬಳಸಬಲ್ಲರು ಎಂಬುದನ್ನೂ ಎಣಿಸಿದರು. ಅವರ ಉಪಾಯಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಬಾಗಿಲು ಮುಚ್ಚುವ ಉಪಾಯ. ಉಪಕರಣ ನೆಟ್ಟಗೆ ನಿಂತಿದ್ದರೆ ಮಾತ್ರ ಫಲ ಎಂದೆನಷ್ಟೆ. ಈ ಆಟದಲ್ಲಿ ಬಳಸಿದ ಎಲೆಯನ್ನು ಅಡ್ಡ ತಿರುಗಿಸಿಡುವ ಪದ್ಧತಿಯಿದೆ, ಅದಕ್ಕೆ ಟ್ಯಾಪ್ ಮಾಡುವುದು ಎನ್ನುತ್ತಾರೆ. ‘ಐಸಿ ಮ್ಯಾನಿಪ್ಯುಲೇಟರ್’ ಎಂಬ ಇನ್ನೊಂದು ಹಳೆಯ ಉಪಕರಣಕ್ಕೆ ಮೇಜಿನ ಮೇಲಿನ ಯಾವುದೇ ಉಪಕರಣ, ಜೀವಿ ಅಥವಾ ಭೂಮಿಯನ್ನು ಅಡ್ಡ ತಿರುಗಿಸುವ ಶಕ್ತಿಯಿದೆ. ಎದುರಾಳಿಯ ಸರದಿ ಆರಂಭವಾಗಿ, ಅವನು ಎಲೆ ಎತ್ತುವುದಕ್ಕೆ ಮುನ್ನ ‘ಅಪ್‌ಕೀಪ್’ ಎಂಬ ಹಂತವೊಂದು ಬರುತ್ತದೆ. ಆಗ ಒಂದು ಮಾನಾ ತೆತ್ತು ನನ್ನದೇ ಗಣಿಯನ್ನು ನಾನೇ ಅಡ್ಡ ಹಾಕಿಬಿಡುತ್ತೇನೆ. ಅವನಿಗೆ ಒಂದೇ ಎಲೆ. ನನ್ನ ಸರದಿಯ ಆರಂಭದಲ್ಲಿ ನನ್ನ ಎಲೆಗಳೆಲ್ಲ ತಾವಾಗಿ ನೆಟ್ಟಗಾಗುತ್ತವೆ, ಗಣಿಯೂ ತೆರೆಯುತ್ತದೆ. ನನಗೆ ಎರಡು ಎಲೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಆಟದ ಆರಂಭದ ವರ್ಷಗಳಲ್ಲಿ, ಸದಾ ಪ್ರಭಾವ ಬೀರುವ ಯಾವುದೇ ಉಪಕರಣವನ್ನು ಅಡ್ಡ ಹಾಕಿದರೆ ಅದರ ಪ್ರಭಾವ ನಿಲ್ಲುತ್ತಿತ್ತು. ಮುಂದೆ ಆ ಸಾಮಾನ್ಯ ನಿಯಮವನ್ನು ಕೈಬಿಟ್ಟರು. ಆದರೂ ಊಳಿಡುವ ಗಣಿಯ ಮೇಲೆ ಆ ಷರತ್ತನ್ನು ಅಕ್ಷರಗಳಲ್ಲೇ ಬರೆದು ಉಳಿಸಿದರು. ಬಾಗಿಲು ಮುಚ್ಚುವ ಈ ಚಾತುರ್ಯವಿಲ್ಲದಿದ್ದರೆ ಎಲೆಯ ಸ್ವಾರಸ್ಯವೇ ಹೋಗುತ್ತದೆಂದು ಅವರಿಗೆ ಅನಿಸಿರಬೇಕು. ಆದರೆ ಈ ಉಪಾಯ ದುಬಾರಿ. ಎರಡು ಎಲೆ ಕೂಡಿಬರಬೇಕು, ಒಟ್ಟು ಆರು ಮಾನಾ ಬೇಕು, ಮೇಲೆ ಪ್ರತಿ ಸುತ್ತಿಗೂ ಒಂದೊಂದು. ಅಷ್ಟರಲ್ಲಿ ಐಸಿ ಮ್ಯಾನಿಪ್ಯುಲೇಟರ್ ಎದುರಾಳಿಯ ದೊಡ್ಡ ಜೀವಿಯನ್ನು ತಡೆಯುವ ಕೆಲಸಕ್ಕೆ ಸಿಗದೆ ಹೋಗುತ್ತದೆ. ಬಾಗಿಲು ಕಾಯಲು ನಿಂತ ಕಾವಲುಗಾರ ಹೊಲಕ್ಕೆ ಹೋಗಲಾರ.

ಎರಡನೆಯದು ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದುದು: ತುಂಬಿದ ಕೈಯನ್ನೇ ಶಿಕ್ಷೆಯಾಗಿಸುವ ಉಪಾಯ. ಎಲೆಗಳು ದುಪ್ಪಟ್ಟಾದರೂ ಭೂಮಿಯನ್ನು ಸರದಿಗೊಂದೇ ಇಡಬಹುದೆಂಬ ಮಿತಿ ಬದಲಾಗುವುದಿಲ್ಲ. ಹೀಗಾಗಿ ಅಗ್ಗದ ಎಲೆಗಳ ಕಟ್ಟಿನವನು ಬಂದದ್ದನ್ನೆಲ್ಲ ಆಡಿ ಕೈ ಖಾಲಿ ಮಾಡಿಕೊಳ್ಳುತ್ತಾನೆ. ದುಬಾರಿ ಎಲೆಗಳವನ ಕೈಯಲ್ಲಿ ಅವು ಕೂಡಿ ಬೀಳುತ್ತವೆ. ಸರದಿಯ ಕೊನೆಗೆ ಏಳಕ್ಕಿಂತ ಹೆಚ್ಚಿದ್ದರೆ ಉಳಿದವನ್ನು ಎಸೆಯಬೇಕೆಂಬ ನಿಯಮ ಬೇರೆ.

ಈ ಪರಿಸ್ಥಿತಿಗೆಂದೇ ‘ಬ್ಲ್ಯಾಕ್ ವೈಸ್’ ಎಂಬ ಒಂದೇ ಮಾನಾ ಬೆಲೆಯ ಉಪಕರಣವಿದೆ. ಗ್ಯಾರೇಜುಗಳಲ್ಲಿ ಕಬ್ಬಿಣದ ತುಂಡನ್ನು ಹಿಡಿದು ಬಿಗಿಯುವ ವೈಸನ್ನು ನೀವು ಕಂಡಿದ್ದೀರಿ, ಹೆಸರು ಅದರಿಂದಲೇ. ಎದುರಾಳಿಯ ಕೈಯಲ್ಲಿ ನಾಲ್ಕಕ್ಕಿಂತ ಎಷ್ಟು ಎಲೆ ಹೆಚ್ಚಿದೆಯೋ ಅಷ್ಟು ಪ್ರಾಣದ ಅಂಕವನ್ನು ಅದು ಅವನ ಪ್ರತಿ ಸರದಿಯ ಆರಂಭದಲ್ಲಿ ಕಳೆಯುತ್ತದೆ. ಏಳು ಎಲೆ ಹಿಡಿದವನಿಗೆ ಸರದಿಗೆ ಮೂರು ಅಂಕದ ನಷ್ಟ. ಇಪ್ಪತ್ತು ಅಂಕ ಏಳು ಸರದಿಗಳಲ್ಲಿ ಮುಗಿಯುತ್ತದೆ. ಅಂಥ ಎರಡು ವೈಸುಗಳಿದ್ದರೆ ನಾಲ್ಕೇ ಸರದಿ. ಕೆಲ ಕಾಲ ಸ್ಪರ್ಧೆಗಳಲ್ಲಿ ಈ ಎಲೆಗೆ ನಿರ್ಬಂಧ ಹೇರಬೇಕಾಯಿತು ಎಂದರೆ ಅದರ ಹರಿತವನ್ನು ಊಹಿಸಬಹುದು.

ಇದೇ ತತ್ವದ ಮೇಲೆ ನಿಂತ ಕಟ್ಟೊಂದು 2006ರಲ್ಲಿ ಹೊನೊಲುಲುವಿನಲ್ಲಿ ನಡೆದ ವೃತ್ತಿಪರರ ಸ್ಪರ್ಧೆಯಲ್ಲಿ ಕಾಣಿಸಿಕೊಂಡು ಹೆಸರಾಯಿತು. ಅದರಲ್ಲಿ ಗಣಿಯ ಜೊತೆಗೆ ‘ಎಬೊನಿ ಔಲ್ ನೆಟ್ಸುಕೆ’ ಎಂಬ ಗೂಬೆಯ ಬೊಂಬೆ ಇತ್ತು. ಎದುರಾಳಿಯ ಸರದಿ ಆರಂಭವಾದಾಗ ಅವನ ಕೈಯಲ್ಲಿ ಏಳು ಅಥವಾ ಹೆಚ್ಚು ಎಲೆಗಳಿದ್ದರೆ ಈ ಗೂಬೆ ನಾಲ್ಕು ಅಂಕ ಕೀಳುತ್ತದೆ. ಗಣಿಗೆ ಇಂಗ್ಲಿಷಿನಲ್ಲಿ ಹೌಲಿಂಗ್, ಗೂಬೆಗೆ ಔಲ್. ಎರಡನ್ನೂ ಬೆರೆಸಿ ಆ ಕಟ್ಟಿಗೆ ‘ಔಲಿಂಗ್ ಮೈನ್’ ಎಂದೇ ಹೆಸರಿಟ್ಟರು. ಅದರ ಕ್ರೂರ ಜಾಣತನ ಇಷ್ಟೇ: ಒಂದು ಕಡೆಯಿಂದ ಎದುರಾಳಿಗೆ ಎಲೆಗಳನ್ನು ಧಾರಾಳವಾಗಿ ಕೊಡುತ್ತಾರೆ. ಇನ್ನೊಂದು ಕಡೆಯಿಂದ ಅವನು ನೆಲಕ್ಕಿಟ್ಟ ಭೂಮಿಯನ್ನು ‘ಬೂಮರಾಂಗ್’ನಂಥ ಎಲೆಗಳಿಂದ ಎತ್ತಿ ಮತ್ತೆ ಅವನ ಕೈಗೇ ಸೇರಿಸುತ್ತಾರೆ. ಆಡಲು ನೆಲವಿಲ್ಲ, ಕೈಯಲ್ಲಿ ಜಾಗವಿಲ್ಲ. ಕೊಟ್ಟ ಎಲೆಗಳೇ ಅವನನ್ನು ಕೊಲ್ಲುತ್ತವೆ. ಐದು ಬಾರಿ ಗೂಬೆ ಕೂಗಿದರೆ ಇಪ್ಪತ್ತು ಅಂಕವೂ ಹೋದಂತೆ. ಆದರೆ ನನ್ನ ಮೊಮ್ಮಗನ ಬೆಂಕಿಯ ಕಟ್ಟಿನಂಥ ಅಗ್ಗದ ಕಟ್ಟು ಎದುರಾದರೆ ಇದೇ ಗಣಿ ಬೆಂಕಿಗೆ ತುಪ್ಪ ಸುರಿದಂತಾಗುತ್ತದೆ. ಅವನ ಕೈಯಲ್ಲಿ ಏಳು ಎಲೆ ಉಳಿಯುವುದೇ ಇಲ್ಲವಲ್ಲ!

ಮೂರನೆಯದು ಕಾಯುವ ಉಪಾಯ. ಬರಿದಾದ ಲೈಬ್ರರಿಯ ನಿಯಮ ಇಲ್ಲಿ ಬೇಕು. ಅರವತ್ತರಲ್ಲಿ ಏಳು ಕೈಗೆ ಹೋದರೆ ಉಳಿಯುವುದು 53. ಎರಡನೆಯವನಾಗಿ ಆಡುವವನು ಮೊದಲ ಸರದಿಯಿಂದಲೇ ಎಲೆ ಎತ್ತುತ್ತಾನೆ. ಸರದಿಗೆ ಒಂದೇ ಎತ್ತಿದರೆ ಅವನು ಖಾಲಿ ಲೈಬ್ರರಿಯನ್ನು ಮುಟ್ಟುವುದು 54ನೆಯ ಸರದಿಯಲ್ಲಿ. ಅಷ್ಟು ದೀರ್ಘ ಆಟ ಯಾರೂ ಕಂಡಿರಲಾರರು. ಲೆಕ್ಕದ ಅನುಕೂಲಕ್ಕೆ ಗಣಿ ಮೊದಲಿಂದಲೂ ಇದೆ ಎಂದುಕೊಳ್ಳಿ. ಒಂದು ಗಣಿಯಿದ್ದರೆ 27ನೆಯ ಸರದಿಯಲ್ಲಿ, ಎರಡಿದ್ದರೆ 18ನೆಯದರಲ್ಲಿ, ನಾಲ್ಕೂ ಇದ್ದರೆ 11ನೆಯದರಲ್ಲಿ ಅವನು ಸೋಲುತ್ತಾನೆ. ಅಷ್ಟು ಸರದಿ ನಾನು ಬದುಕಿದ್ದರೆ ಸಾಕು. ಬದುಕಲು ‘ಫಾಗ್’ನಂಥ ಎಲೆಗಳಿವೆ. ಫಾಗ್ ಎಂದರೆ ಮಂಜು. ಒಂದೇ ಮಾನಾಕ್ಕೆ ಆ ಸರದಿಯ ಕಾಳಗದ ಪೆಟ್ಟುಗಳೆಲ್ಲವೂ ನಿಷ್ಫಲ. ಇಂಥ ಮಂಜಿನ ಎಲೆಗಳನ್ನೇ ತುಂಬಿದ ಕಟ್ಟಿಗೆ ‘ಟರ್ಬೊ ಫಾಗ್’ ಎನ್ನುತ್ತಾರೆ. ಎದುರಾಳಿಗೆ ಗಣಿಯಿಂದ ಜೀವಿಗಳ ಮೇಲೆ ಜೀವಿಗಳು ಬರುತ್ತವೆ, ಸೈನ್ಯ ಬೆಳೆಯುತ್ತದೆ, ಆದರೆ ಪ್ರತಿ ಸಲವೂ ಮಂಜು ಕವಿಯುತ್ತದೆ. ನನಗೆ ಗಣಿಯಿಂದ ಬರುವುದು ಇನ್ನಷ್ಟು ಮಂಜು.

ಇಲ್ಲಿ ಗಣಿತದ ಒಂದು ಸೊಗಸನ್ನು ನೀವು ಗಮನಿಸಬೇಕು. ಗಣಿಯನ್ನು ಹಾಕಿದವನಿಗಿಂತ ಎದುರಾಳಿ ಯಾವಾಗಲೂ ಒಂದು ಎಲೆ ಮುಂದೆ ಎಂದು ಮೊದಲು ನಷ್ಟವಾಗಿ ಎಣಿಸಿದ್ದೆವಲ್ಲ, ಆ ನಷ್ಟವೇ ಇಲ್ಲಿ ಲಾಭ. ಇಬ್ಬರೂ ಅರವತ್ತರ ಕಟ್ಟಿನವರಾಗಿದ್ದು, ಬೇರೆ ದಾರಿಯಲ್ಲಿ ಯಾರೂ ಎಲೆ ಎತ್ತದೆ, ಗಣಿ ಹಾಕಿದವನೇ ಮೊದಲು ಆಡಿದ್ದರೆ, ಲೈಬ್ರರಿ ಮೊದಲು ಬರಿದಾಗುವುದು ಎದುರಾಳಿಯದೇ. ನಂಬಿಕೆ ಬಾರದವರು ಕಾಗದದ ಮೇಲೆ ಮಾಡಿ ನೋಡಿ. ನನಗೂ ಮೊದಲು ನಂಬಿಕೆ ಬರಲಿಲ್ಲ. ಬರೆದು ನೋಡಿದ ಮೇಲೆ, ವಿದ್ಯಾರ್ಥಿಯಾಗಿದ್ದಾಗ ಪ್ರಮೇಯ ಸಾಧಿಸಿದಾಗಿನ ಸಂತೋಷವಾಯಿತು.

ಇನ್ನು ಮೂರು ನಾಲ್ಕು ಮಂದಿ ಕೂಡಿ ಆಡುವ ಪದ್ಧತಿಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ‘ಕಮ್ಯಾಂಡರ್’ ಎಂಬ ಆ ಆಟದಲ್ಲಿ ಕಟ್ಟಿಗೆ 100 ಎಲೆ, ಪ್ರಾಣದ ಅಂಕ 40. ನಾಲ್ವರ ಮೇಜಿನಲ್ಲಿ ಗಣಿ ಕೊಡುವ ನಾಲ್ಕು ಎಲೆಗಳಲ್ಲಿ ಮೂರು ಶತ್ರುಗಳ ಪಾಲು. ಆದರೂ ಹಾಕುವವರಿದ್ದಾರೆ. ಕರೆಯುವ ಹಸುವನ್ನು ಯಾರೂ ಕಟುಕನಿಗೆ ಕೊಡುವುದಿಲ್ಲವಲ್ಲ! ಎಲ್ಲರೂ ಬೇರೆಯವರ ಮೇಲೆ ಬೀಳುತ್ತಾರೆ, ಹಾಲು ಕೊಡುವವನು ಮೂಲೆಯಲ್ಲಿ ಕ್ಷೇಮವಾಗಿ ಉಳಿಯುತ್ತಾನೆ. ಚುನಾವಣೆಗಳನ್ನು ಹತ್ತಿರದಿಂದ ಕಂಡ ನಮಗೆ ಇದರ ವಿವರಣೆ ಬೇಕಿಲ್ಲ.

ಆಟ ರೂಪಿಸುವವರೂ ಈ ಎಲೆಯ ಮೂಲದೋಷವನ್ನು ಅರಿತಿದ್ದಾರೆ. 2014ರಲ್ಲಿ ಬಂದ ‘ಡಿಕ್ಟೇಟ್ ಆಫ್ ಕ್ರೂಫಿಕ್ಸ್’ ಎಂಬ ಎಲೆ ಗಣಿಯ ಕೆಲಸವನ್ನೇ ಮಾಡುತ್ತದೆ, ಬೆಲೆ ಒಂದು ಮಾನಾ ಹೆಚ್ಚು. ಆದರೆ ಅದನ್ನು ಎದುರಾಳಿಯ ಸರದಿ ಮುಗಿಯುವ ಹೊತ್ತಿಗೆ ಹಾಕಬಹುದು. ಆಗ ಮೊದಲ ಫಲ ಹಾಕಿದವನಿಗೇ. ಕೊಡುವುದಷ್ಟೇ ಮುಖ್ಯವಲ್ಲ, ಯಾವ ಹೊತ್ತಿಗೆ ಕೊಡುತ್ತೇವೆ ಎಂಬುದೂ ಮುಖ್ಯ ಎಂದು ಅವರಿಗೆ ಇಪ್ಪತ್ತೊಂದು ವರ್ಷಗಳಲ್ಲಿ ತಿಳಿಯಿತು. ನನಗೆ ಮೂವತ್ತಾರು ವರ್ಷಗಳ ಸೇವೆಯಲ್ಲೂ ತಿಳಿಯಲಿಲ್ಲ.

ಈ ಕೊನೆಯ ಮಾತಿನಿಂದಲೇ ನನ್ನ ಹಳೆಯ ಲೆಕ್ಕಕ್ಕೆ ಬರುತ್ತೇನೆ.

ಹತ್ತನೆಯ ತರಗತಿಯವರಿಗೆ ನಾನು ಸಂಜೆ ಐದರಿಂದ ಆರೂವರೆಯವರೆಗೆ ನಡೆಸುತ್ತಿದ್ದ ಗಣಿತದ ವಿಶೇಷ ತರಗತಿ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಒಂದು ಪೈಸೆ ಶುಲ್ಕವಿಲ್ಲ, ಯಾರಿಗೂ ತಡೆಯಿಲ್ಲ. ಪ್ರತಿ ಅಧ್ಯಾಯಕ್ಕೂ ಸೈಕ್ಲೋಸ್ಟೈಲ್ ಮಾಡಿಸಿದ ಹಾಳೆಗಳನ್ನು ನನ್ನ ಖರ್ಚಿನಲ್ಲೇ ಎಲ್ಲರಿಗೂ ಹಂಚುತ್ತಿದ್ದೆ. ‘ನನ್ನ ತರಗತಿಯಲ್ಲಿ ಭೇದವಿಲ್ಲ, ಎಲ್ಲರಿಗೂ ಒಂದೇ’ ಎಂದು ಪೋಷಕರ ಸಭೆಯಲ್ಲಿ ಎದೆ ತಟ್ಟಿ ಹೇಳುತ್ತಿದ್ದೆ. ನಿವೃತ್ತಿಯ ಸಮಾರಂಭದಲ್ಲಿ ನೀವೂ ಅದನ್ನೇ ಹೊಗಳಿದಿರಿ. ಅದರ ಫಲವಾಗಿ ಎಂಜಿನಿಯರುಗಳಾದವರು, ಬ್ಯಾಂಕಿನಲ್ಲಿರುವವರು ನಿಮ್ಮಲ್ಲಿದ್ದೀರಿ. ಅದು ನನಗೆ ಹೆಮ್ಮೆಯೇ.

ಆದರೆ ಕೆರೆಯಾಚೆಯ ಹಳ್ಳಿಗಳಿಗೆ ಹೋಗುವ ಕೊನೆಯ ಬಸ್ಸು ಐದೂವರೆಗೆ ಹೊರಡುತ್ತಿತ್ತು. ಆ ಮಕ್ಕಳು ಐದೂಕಾಲಿಗೆ ಎದ್ದು ಹೋಗುತ್ತಿದ್ದರು. ಪ್ರಾರಂಭದಲ್ಲಿ ಕೇಳಿ ಹೋಗುತ್ತಿದ್ದರು, ಆಮೇಲೆ ಕೇಳುವುದಕ್ಕೂ ನಾಚಿ ಬರುವುದನ್ನೇ ಬಿಟ್ಟರು. 1991ರಲ್ಲಿ ಅವರಲ್ಲೊಬ್ಬಳು ಹುಡುಗಿ ನಾನು ಕೊಟ್ಟ ಹಾಳೆಗಳ ಕಂತೆಯನ್ನು ದಾರ ಕಟ್ಟಿ, ಮಡಿಕೆಯೂ ಬೀಳದಂತೆ ತಂದು ಹಿಂದಿರುಗಿಸಿದಳು. “ಸಾರ್, ಮನೇಲಿ ರಾತ್ರಿ ಹೊತ್ತು ದೀಪ ಇರಲ್ಲ. ಬೆಳಿಗ್ಗೆ ಕೊಟ್ಟಿಗೆ ಕೆಲಸ. ಸುಮ್ನೆ ಇಟ್ಕೊಂಡ್ರೆ ಪೇಪರ್ ದಂಡ, ಬೇರೆ ಯಾರಿಗಾದ್ರೂ ಕೊಡಿ ಸಾರ್” ಎಂದಳು. ನಾನು ಏನೆಂದೆ ಗೊತ್ತೇ? ತರಗತಿಯ ಎದುರಿನಲ್ಲೇ, ‘ಓದುವ ಮನಸ್ಸಿಲ್ಲದವರಿಗೆ ನೂರು ನೆಪ’ ಎಂದೆ. ಅವಳು ತಿರುಗಿ ಮಾತಾಡಲಿಲ್ಲ. ಆ ವರ್ಷ ಗಣಿತದಲ್ಲಿ ಅನುತ್ತೀರ್ಣಳಾದಳು. ಮತ್ತೆ ಪರೀಕ್ಷೆ ಕಟ್ಟಲಿಲ್ಲ.

ಸಿಯಾಟಲಿನ ಆ ಮೇಜಿನ ಮೇಲೆ ನಾನು ತುಂಬಿದ ಕೈಯೊಂದಿಗೆ ಸೋತ ಸಂಜೆ, ಮೊಮ್ಮಗ ನನ್ನ ಎಲೆಗಳನ್ನು ತಿರುವಿ ನೋಡಿ, “ಇಷ್ಟೊಂದು ಒಳ್ಳೇ ಕಾರ್ಡ್ಸ್ ಇಟ್ಕೊಂಡು ಯಾಕೆ ತಾತಾ ಆಡಲಿಲ್ಲ?” ಎಂದು ಕೇಳಿದ. “ನೆಲ ಇರಲಿಲ್ಲವಲ್ಲೋ ಮಗು” ಎಂದೆ. ಹಾಗೆಂದ ಮರುಕ್ಷಣವೇ ದಾರ ಕಟ್ಟಿದ ಆ ಹಾಳೆಗಳ ಕಂತೆ ನನ್ನ ಕಣ್ಣ ಮುಂದೆ ಬಂತು. ಮೂವತ್ತಮೂರು ವರ್ಷಗಳ ಹಿಂದೆ ಆ ಹುಡುಗಿ ನನಗೆ ಹೇಳಿದ್ದೂ ಅದನ್ನೇ.

ನನ್ನ ತರಗತಿಯ ಬಾಗಿಲು ಎಲ್ಲರಿಗೂ ತೆರೆದಿತ್ತು ನಿಜ. ಆದರೆ ಪೇಟೆಯಲ್ಲಿ ಮನೆಯಿದ್ದು, ದೀಪವಿದ್ದು, ಓದಲು ಹೊತ್ತಿದ್ದವರ ಕೈಯಲ್ಲಿ ನನ್ನ ಹಾಳೆಗಳು ಬಂದಂತೆ ಖರ್ಚಾದವು. ಉಳಿದವರ ಕೈಯಲ್ಲಿ ಕೂಡಿ ಬಿದ್ದವು. ವಿಶೇಷ ತರಗತಿ ಇಲ್ಲದಿದ್ದರೆ ಈ ಎರಡು ಗುಂಪಿನ ನಡುವೆ ಎಷ್ಟು ಅಂತರವಿರುತ್ತಿತ್ತೋ, ನಾನು ಅದನ್ನು ಇನ್ನಷ್ಟು ಹಿಗ್ಗಿಸಿದೆ. ಮೇಲೆ ನನ್ನ ನಾಲಗೆಯೇ ಬ್ಲ್ಯಾಕ್ ವೈಸಿನಂತೆ, ಬಳಸಲಾಗದವಳನ್ನು ಹಿಡಿದು ಬಿಗಿಯಿತು. ಆಟದಲ್ಲಿ ಇಂಥದ್ದನ್ನು ಮಾಡುವವನು ಗೆಲ್ಲುವ ಉದ್ದೇಶದಿಂದ, ತಿಳಿದು ಮಾಡುತ್ತಾನೆ. ನಾನು ತಿಳಿಯದೆ ಮಾಡಿ, ಅದಕ್ಕೆ ಸಮಾನತೆ ಎಂದು ಹೆಸರಿಟ್ಟುಕೊಂಡು ಮೆರೆದೆ.

ಇದನ್ನು ಓದಿ, ‘ಸಾರ್, ನೀವು ಮಾಡಿದ್ದು ಉಪಕಾರವೇ, ಬಸ್ಸಿನ ಸಮಯ ನಿಮ್ಮ ಕೈಯಲ್ಲಿತ್ತೇ?’ ಎಂದು ಕೇಳುವವರಿದ್ದೀರಿ. ಬಸ್ಸು ನನ್ನ ಕೈಯಲ್ಲಿರಲಿಲ್ಲ, ಒಪ್ಪಿದೆ. ತರಗತಿಯ ಸಮಯ ಇತ್ತಲ್ಲ! ಬೆಳಿಗ್ಗೆಯ ಬಸ್ಸು ಎಂಟೂಮುಕ್ಕಾಲಿಗೇ ಬಂದು, ಹತ್ತೂವರೆಯ ಪ್ರಾರ್ಥನೆಯವರೆಗೆ ಆ ಮಕ್ಕಳು ಶಾಲೆಯ ಜಗಲಿಯ ಮೇಲೆ ಸುಮ್ಮನೆ ಕುಳಿತಿರುತ್ತಿದ್ದರು. ಅದನ್ನು ದಿನವೂ ಕಂಡಿದ್ದೇನೆ. ಒಂದೂಮುಕ್ಕಾಲು ಗಂಟೆ! ತರಗತಿಯನ್ನು ಸಂಜೆಯಿಂದ ಬೆಳಿಗ್ಗೆಗೆ ಸರಿಸಿದ್ದರೆ ನನಗೆ ಆಗುತ್ತಿದ್ದ ನಷ್ಟವೆಂದರೆ ಬೆಳಗಿನ ಪತ್ರಿಕೆ ಮತ್ತು ಎರಡನೆಯ ಲೋಟ ಕಾಫಿ.

ಆದ್ದರಿಂದ ಹೌಲಿಂಗ್ ಮೈನ್ ಬಗ್ಗೆ ನನ್ನ ಅಭಿಪ್ರಾಯ ಇದು. ಅದು ದಡ್ಡ ಎಲೆಯಲ್ಲ, ಏಕೆಂದರೆ ಎದುರಿಗಿರುವವನು ಯಾರೆಂದು ಅಳೆದು ಹಾಕಿದವನಿಗೆ ಅದು ಬಾಗಿಲೂ ಹೌದು, ವೈಸೂ ಹೌದು, ಮಂಜೂ ಹೌದು. ಅದು ಧರ್ಮದ ಎಲೆಯೂ ಅಲ್ಲ, ಏಕೆಂದರೆ ಅದು ಕೊಡುವುದು ಎಲೆಯನ್ನು ಮಾತ್ರ. ಆಡುವ ನೆಲವನ್ನು ಕೊಡುವುದಿಲ್ಲ. ಆಡುವ ಮಕ್ಕಳಿಗೆ ನನ್ನ ಸಲಹೆ ಎರಡು. ಸೋಲುತ್ತಿರುವಾಗ ಅವಸರಕ್ಕೆ ಬಿದ್ದು ಇದನ್ನು ಹಾಕಬೇಡಿ, ಮೊದಲ ಎಲೆ ಗೆಲ್ಲುತ್ತಿರುವವನ ಕೈಗೇ ಹೋಗುತ್ತದೆ. ಹಾಕುವ ಮುನ್ನ ಎದುರಾಳಿಯ ಎಲೆಗಳು ಅಗ್ಗವೋ ದುಬಾರಿಯೋ, ಅವನ ಮುಂದೆ ಎಷ್ಟು ನೆಲವಿದೆ ಎಂದು ಎಣಿಸಿ. ಪಾಠ ಹೇಳುವ ವೃತ್ತಿಗೆ ಬಂದ ನನ್ನ ವಿದ್ಯಾರ್ಥಿಗಳು ನಿಮ್ಮಲ್ಲಿ ಎಂಟು ಹತ್ತು ಮಂದಿಯಾದರೂ ಇದ್ದೀರಿ. ಹಂಚುವ ಮುನ್ನ ನೀವು ಸಹ ಅದನ್ನೇ ಎಣಿಸಿ.

ಆ ಹುಡುಗಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವಳ ಜೊತೆ ಅದೇ ಬಸ್ಸಿನಲ್ಲಿ ಬರುತ್ತಿದ್ದವರು ಇದನ್ನು ಓದಿದರೆ ಗುರುತಿಸುತ್ತೀರಿ. ಅವಳು ಈಗ ಎಲ್ಲಿದ್ದಾಳೆಂದು ತಿಳಿದವರು ನನಗೊಂದು ಮಾತು ತಿಳಿಸಿ. ಈಗ ಅವಳಿಗೂ ಐವತ್ತರ ಹತ್ತಿರದ ವಯಸ್ಸು. ಅಂದು ನಾನಾಡಿದ ಮಾತನ್ನು ಅವಳ ಮನೆಯ ಬಾಗಿಲಿಗೆ ಹೋಗಿ ಹಿಂತೆಗೆದುಕೊಳ್ಳಬೇಕೆಂದಿದ್ದೇನೆ. ಕೆರೆಯಾಚೆಗೆ ಈಗ ಸಂಜೆ ಏಳಕ್ಕೂ ಬಸ್ಸಿದೆಯಂತೆ.

ಎಲ್ಲರಿಗೂ ಶುಭವಾಗಲಿ.